ನೇರ ದಾರಿಯ ಸಂಪಾದಕ

2025ರ ಫೆಬ್ರವರಿಯ ಚುನಾವಣೆಯಲ್ಲಿ ಜರ್ಮನಿಯ ಕಡು ಬಲಪಂಥೀಯ ಪಕ್ಷವಾದ ಎ.ಎಫ್.ಡಿ. ಶೇಕಡಾ 20ಕ್ಕೂ ಹೆಚ್ಚು ಮತ ಗಳಿಸಿ ಎರಡನೆಯ ಸ್ಥಾನಕ್ಕೇರಿತು. ಇಂತಹ ಫಲಿತಾಂಶಗಳು ಬಂದಾಗಲೆಲ್ಲ ಪತ್ರಕರ್ತರ ಹಳೆಯ ಬರಹಗಳನ್ನು ಅಗೆದು ತೆಗೆಯುವ ಉತ್ಸಾಹ ಜನರಲ್ಲಿ ಹೆಚ್ಚುತ್ತದೆ. “ಅಂದು ಹಾಗೆ ಬರೆದವನು ಇಂದು ಹೀಗೆ ಬರೆಯುತ್ತಿದ್ದಾನೆ, ಗೋಸುಂಬೆ!” ಎಂಬ ತೀರ್ಪು ಕೂಡಲೇ ಹೊರಬೀಳುತ್ತದೆ. ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಕೆಲವರೂ ಹೀಗೆಯೇ ವಾದಿಸುತ್ತಾರೆ. ಅಭಿಪ್ರಾಯ ಬದಲಿಸದಿರುವುದೇ ಪತ್ರಕರ್ತನ ನಿಷ್ಠೆ ಎಂಬ ಈ ವಾದವನ್ನು ನಾನು ಒಪ್ಪಲಾರೆ.

ಫ್ರಿಟ್ಸ್ ಗೆರ್ಲಿಖ್ ಎಂಬ ಸಂಪಾದಕನ ಹೆಸರನ್ನು ನಿಮ್ಮಲ್ಲಿ ಬಹಳ ಮಂದಿ ಕೇಳಿರಲಾರಿರಿ. 1920ರ ದಶಕದಲ್ಲಿ ಮ್ಯೂನಿಕ್ ನಗರದ ದೊಡ್ಡ ದಿನಪತ್ರಿಕೆಯೊಂದರ ಮುಖ್ಯಸ್ಥನಾಗಿದ್ದವನು. ಎಡಪಂಥದವನಲ್ಲ, ರಾಷ್ಟ್ರವಾದಿ, ಕಮ್ಯುನಿಸಮ್ಮಿನ ಕಟು ವಿರೋಧಿ. ಆರಂಭದಲ್ಲಿ ಹಿಟ್ಲರನ ಬಗೆಗೆ ಅವನಿಗೆ ದ್ವೇಷವೇನೂ ಇರಲಿಲ್ಲ. 1923ರ ನವೆಂಬರಿನಲ್ಲಿ ಹಿಟ್ಲರ್ ಬಂದೂಕಿನ ಬಲದಿಂದ ಅಧಿಕಾರ ಕಸಿಯಲು ಹೊರಟಾಗ ಗೆರ್ಲಿಖ್ ತಿರುಗಿಬಿದ್ದ. ಗೋಸುಂಬೆಯೇ ಇವನು? ಎಡದವರ ಹಿಂಸೆಯನ್ನು ಖಂಡಿಸಿದ್ದ ಲೇಖನಿಯಿಂದಲೇ ಬಲದವರ ಹಿಂಸೆಯನ್ನೂ ಖಂಡಿಸಿದ, ಅಷ್ಟೆ. ಮುಂದೆ ತಾನು ನಡೆಸಿದ ವಾರಪತ್ರಿಕೆಗೆ 1932ರಲ್ಲಿ ಅವನು ಇಟ್ಟ ಹೆಸರು ‘ನೇರ ದಾರಿ’. ಆ ವರ್ಷದ ಜುಲೈನಲ್ಲಿ, ಮೂಗಿನ ಆಕಾರ ನೋಡಿ ಜನಾಂಗ ನಿರ್ಣಯಿಸುವ ನಾತ್ಸಿ ಪಂಡಿತರ ಸಿದ್ಧಾಂತವನ್ನೇ ಎತ್ತಿಕೊಂಡು ಹಿಟ್ಲರನ ಮೂಗನ್ನು ಅಳೆದುಬಿಟ್ಟ! ಅವರದೇ ಲೆಕ್ಕದಂತೆ ನಾಯಕನ ರಕ್ತ ಶುದ್ಧ ಆರ್ಯರಕ್ತವಲ್ಲ ಎಂದು ಸಾಬೀತುಮಾಡಿ ತೋರಿಸಿದ. ನಗೆಬರಹವೇನೋ ಹೌದು, ಆದರೆ ಬೆಲೆ ಬಹಳ ದೊಡ್ಡದಾಯಿತು. 1933ರ ಮಾರ್ಚ್ 9ರಂದು ಪತ್ರಿಕೆಯ ಕಚೇರಿಗೇ ನುಗ್ಗಿ ಅವನನ್ನು ಬಂಧಿಸಿದರು. 1934ರ ಜೂನ್ 30ರ ರಾತ್ರಿ ಡಾಖೌ ಶಿಬಿರದಲ್ಲಿ ಕೊಂದರು. ಹೆಂಡತಿಯ ಕೈಸೇರಿದ್ದು ರಕ್ತ ಹತ್ತಿದ ಅವನ ಕನ್ನಡಕ.

ಮುಸೊಲಿನಿಯೂ ಪತ್ರಕರ್ತನೇ ಆಗಿದ್ದನೆಂಬುದನ್ನು ಇಲ್ಲಿ ನೆನೆಯಬೇಕು. ಸಮಾಜವಾದಿ ಪಕ್ಷದ ‘ಅವಾಂತಿ’ ಪತ್ರಿಕೆಯ ಸಂಪಾದಕನಾಗಿ ಯುದ್ಧ ಬೇಡವೆಂದು ಬರೆದವನು 1914ರ ಅಕ್ಟೋಬರಿನಲ್ಲಿ ನಿಲುವು ಬದಲಿಸಿದ. ನವೆಂಬರಿನಲ್ಲಿ ಹೊಸ ಪತ್ರಿಕೆಯನ್ನೇ ತೆರೆದು ಯುದ್ಧ ಬೇಕೆಂದು ಕೂಗತೊಡಗಿದ. ಅದಕ್ಕೆ ಉದ್ಯಮಿಗಳ ಹಣ ಬಂದಿತ್ತು, ಫ್ರಾನ್ಸಿನ ಹಣವೂ ಬಂದಿತ್ತು. ಬದಲಾದವರು ಇಬ್ಬರೂ ಹೌದು. ಬದಲಾವಣೆಯಿಂದ ಒಬ್ಬನಿಗೆ ಸಿಕ್ಕಿದ್ದು ಗುಂಡು, ಇನ್ನೊಬ್ಬನಿಗೆ ಸಿಕ್ಕಿದ್ದು ರೋಮಿನ ಅಧಿಕಾರ. ಇಬ್ಬರನ್ನೂ ‘ಮಾತು ಬದಲಿಸಿದವರು’ ಎಂದು ಒಂದೇ ಪಟ್ಟಿಯಲ್ಲಿ ಬರೆಯುವುದು ಯಾವ ನ್ಯಾಯ?

ಬ್ರಿಟನ್ನಿನ ಡೈಲಿ ಮೇಲ್ ಪತ್ರಿಕೆಯ ಒಡೆಯ ರಾಥರ್‌ಮಿಯರ್ ಮಹಾಶಯನ ಕಥೆ ಗಾಳಿ ಬಂದತ್ತ ತೂರಿಕೊಳ್ಳುವ ಜಾತಿಯದು. 1934ರ ಜನವರಿಯಲ್ಲಿ ಅಲ್ಲಿನ ಕರಿಯಂಗಿ ಫ್ಯಾಸಿಸ್ಟರಿಗೆ ಜೈಕಾರ ಹಾಕಿದ. ಜೂನ್ ತಿಂಗಳ ಅವರ ಸಭೆಯಲ್ಲಿ ಹೊಡೆದಾಟವಾದ ಮೇಲೆ ಜುಲೈನಲ್ಲಿ ಕೈಬಿಟ್ಟ. ಹಿಟ್ಲರನನ್ನು ಮಾತ್ರ ಹೊಗಳುತ್ತಲೇ ಇದ್ದ. ಅವನ ಬಗ್ಗೆ ಹೆಚ್ಚು ಹೇಳಬೇಕಾದ್ದಿಲ್ಲ.

ನನಗೆ ಹೆಚ್ಚು ಭಯ ಹುಟ್ಟಿಸುವವನು ಒಮ್ಮೆಯೂ ಬದಲಾಗದ ಸಭ್ಯ ಮನುಷ್ಯ. ಲಂಡನ್ನಿನ ‘ದಿ ಟೈಮ್ಸ್’ ಪತ್ರಿಕೆಯ ಸಂಪಾದಕ ಜೆಫ್ರಿ ಡಾಸನ್ ಫ್ಯಾಸಿಸ್ಟನಲ್ಲ. ಜರ್ಮನಿಯೊಡನೆ ಶಾಂತಿಯಿರಬೇಕೆಂಬ ಅವನ ನಿಲುವು 1930ರ ದಶಕದುದ್ದಕ್ಕೂ ಅಚಲವಾಗಿತ್ತು. ನಿಲುವು ತಪ್ಪಿದ್ದರೂ ಕ್ಷಮಿಸಬಹುದಿತ್ತು. ಆದರೆ ಆ ನಿಲುವಿಗಾಗಿ ಸುದ್ದಿಯನ್ನೇ ಕತ್ತರಿಸುವುದೆಂದರೇನು? ಜರ್ಮನರ ಮನಸ್ಸಿಗೆ ನೋವಾಗುವಂಥದ್ದು ಪತ್ರಿಕೆಯಲ್ಲಿ ಬಾರದಂತೆ ರಾತ್ರಿ ರಾತ್ರಿ ಶ್ರಮಿಸುತ್ತಿದ್ದೇನೆಂದು 1937ರ ಮೇ ತಿಂಗಳ ಪತ್ರವೊಂದರಲ್ಲಿ ಅವನೇ ಬರೆದುಕೊಂಡಿದ್ದಾನೆ. ಬರ್ಲಿನ್ನಿನಲ್ಲಿದ್ದ ಅವನದೇ ವರದಿಗಾರ ನಾರ್ಮನ್ ಎಬ್ಬಟ್ ಕಣ್ಣಾರೆ ಕಂಡದ್ದನ್ನು ಬರೆದು ಕಳಿಸುತ್ತಿದ್ದ; ಲಂಡನ್ನಿನ ಮೇಜಿನ ಮೇಲೆ ಅದು ಮೊಟಕಾಗುತ್ತಿತ್ತು. ಓದುಗ ದುಡ್ಡು ಕೊಟ್ಟು ಕೊಂಡದ್ದು ಎಬ್ಬಟ್‌ನ ಕಣ್ಣನ್ನು. ಸಿಕ್ಕಿದ್ದು ಡಾಸನ್ನನ ದಾಕ್ಷಿಣ್ಯ.

ಅಷ್ಟೆಲ್ಲ ಜೋಪಾನ ಮಾಡಿದರೂ ಅದೇ 1937ರ ಆಗಸ್ಟ್‌ನಲ್ಲಿ ಹಿಟ್ಲರನ ಸರ್ಕಾರ ಎಬ್ಬಟ್‌ನನ್ನು ಜರ್ಮನಿಯಿಂದ ಹೊರಗಟ್ಟಿತು.