ಕಪ್ಪೆಗೆ ಕೆರೆಯೊಂದೇ ಸಾಲದು

ಕಾರ್ತೆಲ್ ತಿಂಗಳ ಮಳೆ ಹಿಡಿಯಿತೆಂದರೆ ಬಂಟ್ವಾಳದ ಬೈಲುಗಳಲ್ಲಿ ಗೂಳಿಗಪ್ಪೆಗಳ ಕೂಗು ತುಂಬುತ್ತದೆ. ಗಂಡು ಹಳದಿ ಬಣ್ಣ ತಳೆದು, ಗಂಟಲಿನ ನೀಲಿ ಚೀಲಗಳನ್ನು ಉಬ್ಬಿಸಿ ಕರೆಯುತ್ತದೆ. ಹೆಣ್ಣು ನೀರು ನಿಂತ ಗದ್ದೆಯಲ್ಲಿ ಸಾವಿರಾರು ಮೊಟ್ಟೆಗಳನ್ನಿಡುತ್ತದೆ. ಗೊದಮೊಟ್ಟೆಗೆ ಕಾಲು ಮೂಡುವ ತನಕ ಆ ನೀರು ಆರಬಾರದು, ಕೆಡಬಾರದು. ಶಾಲೆಯ ಪಾಠ ಹೇಳುವುದು ಇಷ್ಟನ್ನೇ. ಆದರೆ ಪಶ್ಚಿಮ ಘಟ್ಟದ ತಪ್ಪಲಿನ ಉಭಯಚರಗಳ ಸಂತಾನಕ್ರಮ ಇಷ್ಟಕ್ಕೇ ಮುಗಿಯುವುದಿಲ್ಲ.

ಘಟ್ಟದಂಚಿನ ಹಾರುವ ಕಪ್ಪೆ ನೀರಿನ ಮೇಲೆ ಬಾಗಿದ ಎಲೆಗಳ ನಡುವೆ ನೊರೆಗೂಡು ಕಟ್ಟುತ್ತದೆ. ಮೊಟ್ಟೆಯೊಡೆದ ಮರಿಗಳು ಕೆಳಗಿನ ನೀರಿಗೆ ಉದುರುತ್ತವೆ. ದಡದ ಗಿಡ ಹೋದರೆ ಈ ಕಪ್ಪೆಯ ಪಾಲಿಗೆ ಕೆರೆ ಇದ್ದೂ ಇಲ್ಲದಂತೆ. ಪೊದೆಗಪ್ಪೆಗಳಿಗಂತೂ ಕೆರೆಯೇ ಬೇಡ. ಅವುಗಳ ಗೊದಮೊಟ್ಟೆಯ ಹಂತ ಮೊಟ್ಟೆಯೊಳಗೇ ಕಳೆದು, ಪುಟ್ಟ ಕಪ್ಪೆಯೇ ಹೊರಬರುತ್ತದೆ. ಉತ್ತರ ಕನ್ನಡದ ಕಾಡುಗಳಲ್ಲಿರುವ, 2014ರಲ್ಲಿ ವೈಜ್ಞಾನಿಕ ಹೆಸರು ಪಡೆದ ಕುಂಬಾರ ಕಪ್ಪೆಯ ಗಂಡು ತನ್ನ ಮುಂಗಾಲುಗಳಿಂದ ಮೊಟ್ಟೆಗಳಿಗೆ ಕೆಸರು ಮೆತ್ತುತ್ತದೆ.

ಮಣ್ಣೊಳಗೆ ಬಾಳುವ ಕಾಲಿಲ್ಲದ ಉಭಯಚರಗಳೂ ಇವೆ. ಎರೆಹುಳವೆಂದೋ ಹಾವಿನ ಮರಿಯೆಂದೋ ಜನ ಇವನ್ನು ತಪ್ಪು ತಿಳಿಯುತ್ತಾರೆ. ಮೂಡುಬಿದಿರೆಯಿಂದ ಮಂಗಳೂರಿಗೆ ಹೋಗುವ ದಾರಿಯ ಗುರುಪುರದಲ್ಲಿ ದೊರೆತ ಇಂಥದೊಂದು ಜೀವಿಗೆ 1999ರಲ್ಲಿ ಗೆಗೆನಿಯೋಫಿಸ್ ಕೃಷ್ಣಿ ಎಂಬ ಹೆಸರು ಬಂತು. ಈ ಗುಂಪಿನ ಹಲವು ಪ್ರಭೇದಗಳಲ್ಲಿ ತಾಯಿ ತೇವದ ಮಣ್ಣಿನಲ್ಲಿ ಮೊಟ್ಟೆಗಳನ್ನು ಸುತ್ತಿಕೊಂಡು ಕಾಯುತ್ತದೆ.

ಕಪ್ಪೆಕಾಲಿನ ರಫ್ತನ್ನು ಭಾರತ ನಿಷೇಧಿಸಿದ್ದು 1987ರಲ್ಲಿ. ಅದು ಒಳ್ಳೆಯ ಹೆಜ್ಜೆ. ಆದರೆ ಕಪ್ಪೆಯನ್ನು ಹಿಡಿಯಬಾರದೆಂಬ ಕಟ್ಟಳೆ, ಅದು ಮೊಟ್ಟೆಯಿಡುವ ಜಾಗವನ್ನು ಕಾಯಲಾರದು. ಗದ್ದೆ ತುಂಬಿಸಿ ನಿವೇಶನ ಮಾಡಿದಾಗ, ತೋಡಿನ ಅಂಚಿಗೆ ಕಳೆನಾಶಕ ಸಿಂಪಡಿಸಿದಾಗ ಯಾರೂ ಕಪ್ಪೆಯನ್ನು ಕೊಂದಂತೆ ಕಾಣುವುದಿಲ್ಲ. ಮುಂದಿನ ಮಳೆಗಾಲದ ಮೌನವಷ್ಟೇ ಅದನ್ನು ಹೇಳುತ್ತದೆ. ಬಂಜರೆಂದು ಬಗೆದ ಮುರಕಲ್ಲಿನ ಹಾಸು ಕೂಡ ಬರಿದಲ್ಲ. ಮಣಿಪಾಲದ ಅಂಥ ನೆಲದಲ್ಲಿ ಕಂಡ ಪುಟ್ಟ ಕಪ್ಪೆಯೊಂದಕ್ಕೆ 2016ರಲ್ಲಿ ವಿಜ್ಞಾನಿಗಳು ಆ ಕಲ್ಲಿನ ಹೆಸರನ್ನೇ ಸೇರಿಸಿ ಮೈಕ್ರೊಹೈಲಾ ಲ್ಯಾಟರೈಟ್ ಎಂದು ಕರೆದರು. 2023ರಲ್ಲಿ ಪ್ರಕಟವಾದ ಜಾಗತಿಕ ಸಮೀಕ್ಷೆಯಂತೆ ಉಭಯಚರಗಳಲ್ಲಿ ಶೇ. 41ರಷ್ಟು ಪ್ರಭೇದಗಳು ಅಳಿವಿನ ಭೀತಿಯಲ್ಲಿವೆ.

ಕಲ್ಲು ಕಡಿಯುವವರಿಗೂ ತೋಟ ಮಾಡುವವರಿಗೂ ಬದುಕು ನಡೆಯಬೇಕು, ನಿಜ. ಬೇಕಾಗಿರುವುದು ದೊಡ್ಡ ತ್ಯಾಗವೇನಲ್ಲ. ಮದಕದ ಮೇಲೆ ಬಾಗಿದ ಗೆಲ್ಲನ್ನು ಮಳೆಗಾಲ ಮುಗಿಯುವ ತನಕ ಕಡಿಯದಿರುವುದು, ತೋಡಿನ ಬದಿಗೆ ವಿಷ ಹಾಯಿಸದಿರುವುದು, ತೋಟದ ಒಂದು ಮೂಲೆಯ ತರಗೆಲೆಯನ್ನು ಗುಡಿಸದೆ ಬಿಡುವುದು ಯಾರಿಗೂ ಹೊರೆಯಾಗದು. ಉಳಿದ ಕೆಲಸ ಪಂಚಾಯತಿನದು. 2002ರ ಜೀವವೈವಿಧ್ಯ ಕಾಯಿದೆಯಂತೆ ಪ್ರತಿ ಪಂಚಾಯತಿನಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಅದು ಜನತೆಯ ದಾಖಲಾತಿ ಸಿದ್ಧಪಡಿಸಬೇಕು. ಆ ಪುಸ್ತಕದಲ್ಲಿ ಕಪ್ಪೆಗಳ ಹೆಸರಿನ ಜೊತೆಗೆ ಅವು ಮೊಟ್ಟೆಯಿಡುವ ಮದಕ, ಹೊಂಡ, ಪಾದೆಗಳೂ ಸರ್ವೆ ನಂಬರಿನ ಸಹಿತ ದಾಖಲಾಗಲಿ. ಜಾಗ ಮಾರುವ ಮುನ್ನ, ಕಲ್ಲು ಎಬ್ಬಿಸುವ ಮುನ್ನ ಅದನ್ನು ತೆರೆದು ನೋಡುವಂತಾಗಲಿ.