ಮುದಿ ಕಾರಿಗೆ ಮರ್ಯಾದೆ, ಮುದಿ ಟಿವಿಎಸ್ಸಿಗೆ ದಂಡ



2021ರ ಜುಲೈನಲ್ಲಿ ಕೇಂದ್ರ ಸರ್ಕಾರ ಒಂದು ನಿಯಮ ತಂದಿತು. 50 ವರ್ಷ ದಾಟಿದ, ಮೂಲ ರೂಪ ಕೆಡದ ಕಾರು ಬೈಕು ‘ವಿಂಟೇಜ್’ ಅಂತೆ. ಅದಕ್ಕೆ ‘ವಿಎ’ ಅಂತ ಬೇರೆ ನಂಬರು. ಮೊದಲ ಸಲ 20,000 ಕಟ್ಟಬೇಕು, ನಿಜ. ಹತ್ತು ವರ್ಷದ ಮೇಲೆ ಮರುನೋಂದಣಿಗೆ 5,000 ಸಾಕು. ಅದೇ ಸರ್ಕಾರ 2025ರ ಆಗಸ್ಟಿನಲ್ಲಿ 20 ವರ್ಷ ದಾಟಿದ ಮಾಮೂಲಿ ಕಾರಿಗೆ 10,000 ಮಾಡಿತು! ತರಕಾರಿ ಮೂಟೆ ಹೊರೋ ಹಳೇ ಟಿವಿಎಸ್ಸಿಗೆ 2,000. ಮಾರಿದರೆ ಅಷ್ಟು ಹುಟ್ಟುತ್ತೋ ಇಲ್ಲವೋ.

ಹಳೇ ಗಾಡಿ ಹೊಗೆ ಉಗುಳುತ್ತೆ ಅಂದವರಿಗೆ ಅದಕ್ಕಿಂತ ಹಳೇದು ಪರಂಪರೆಯಾಗಿ ಕಂಡಿತು. ಆ ವಿಂಟೇಜ್ ಕಾರು ಪ್ರದರ್ಶನಕ್ಕೆ, ರ‍್ಯಾಲಿಗೆ, ಪೆಟ್ರೋಲಿಗೆ, ರಿಪೇರಿಗೆ ಬಿಟ್ಟರೆ ಹೆಚ್ಚುಕಮ್ಮಿ ರಸ್ತೆಗಿಳಿಯುವ ಹಾಗಿಲ್ಲ. ದುಡಿಯದೇ ಇರೋದೇ ಅದರ ಅರ್ಹತೆ! ದುಡಿಯುವ ಕೈ ಕೀಳು, ಕೆಲಸ ಮುಟ್ಟದ ಕೈ ಮೇಲು. ಈ ನ್ಯಾಯ ನಮ್ಮ ಕೇರಿಗೆ ಹೊಸದೇನ್ರೋ?

50 ವರ್ಷದ ಹಿಂದೆ ದಾವಣಗೆರೆಯಲ್ಲಿ ಕಾರಿದ್ದದ್ದು ಯಾರ ಮನೆ ಮುಂದೆ? ಗಿರಣಿ ಮಾಲೀಕರು, ಮಂಡಿ ಸಾಹುಕಾರರು. ಕೇರಿಯಲ್ಲಿ ಸೈಕಲ್ಲಿದ್ದರೆ ಅದೇ ದೊಡ್ಡದು. ಪರಂಪರೆ ಅಂದರೆ ಅವರಪ್ಪ ಬಿಟ್ಟುಹೋದ ಕಾರು. ದಾವಣಗೆರೆಯ ಹತ್ತಿ ಗಿರಣಿಗಳು ಒಂದೊಂದೇ ಮುಚ್ಚಿದವು, ಹರಿಹರದ ಕಿರ್ಲೋಸ್ಕರ್ ಕಾರ್ಖಾನೆಯೂ ಮುಚ್ಚಿತು. ಅಲ್ಲಿ ಸವೆದ ಮೈಗಳನ್ನು ಯಾರೂ ‘ವಿಂಟೇಜ್’ ಅನ್ನಲಿಲ್ಲ.

ಬ್ರಿಟನ್ನಿನಲ್ಲಿ 40 ವರ್ಷ ದಾಟಿದ ಕಾರಿಗೆ ರಸ್ತೆ ತೆರಿಗೆಯೇ ಇಲ್ಲ. ನಾಳೆ ನಮ್ಮವರೂ ಅದನ್ನೇ ಕೇಳ್ತಾರೆ, ನೋಡ್ತಿರಿ. ಅದಕ್ಕೆ ಮುಂಚೆ ನಾವೇ ಕೇರಿಯ ಮುದಿ ಟಿವಿಎಸ್ಸುಗಳನ್ನು ಆರ್‌ಟಿಓ ಕಚೇರಿ ಮುಂದೆ ಸಾಲಾಗಿ ನಿಲ್ಲಿಸಿ ಕೇಳೋಣ: ಹಳೇದಕ್ಕೆ ಎರಡು ಕಾನೂನು ಯಾಕೆ?