ಮೇಲಿನಿಂದ ಕಂಡದ್ದೆಲ್ಲ ತೋಟವಲ್ಲ

ಜಮೀನು ಅಳೆಯಲು ಡ್ರೋನ್, ಮರ ಎಣಿಸಲು ಡ್ರೋನ್, ಔಷಧಿ ಹೊಡೆಯಲು ಡ್ರೋನ್. ಇನ್ನು ಮಲೆನಾಡಿನ ಕಷ್ಟವೆಲ್ಲ ತೀರಿತು ಎನ್ನುವವರ ಮಾತು ಕೇಳಿದರೆ ನನಗೆ ನಗು ಬರುತ್ತದೆ, ಜೊತೆಗೆ ಸಿಟ್ಟೂ ಬರುತ್ತದೆ. ಅಡಿಗೆಮನೆಯ ಹೆಂಚಿನ ಮೇಲೆ ನಿಂತವರಿಗೆ ಒಲೆಯ ಮೇಲೆ ಏನು ಬೇಯುತ್ತಿದೆಯೆಂದು ತಿಳಿದೀತೆ? ನೀವೇ ಹೇಳಿ.

ಕಳಸದ ತೋಟಗಳೂ ಹಾಗೆಯೇ. ಮೇಲೆ ಸಿಲ್ವರ್ ಓಕ್, ಹಲಸು, ಅತ್ತಿ, ಅವಕ್ಕೆ ಹಬ್ಬಿದ ಮೆಣಸಿನ ಬಳ್ಳಿ, ನೆರಳಿನಲ್ಲಿ ಕಾಫಿ, ಅದರಡಿ ತರಗೆಲೆ, ಎಲ್ಲೋ ಒಂದು ಕಡೆ ಜಿನುಗುವ ಒರತೆ. ಆಕಾಶದ ಕ್ಯಾಮೆರಾ ಮೇಲಿನ ಹೊದಿಕೆ ನೋಡಿ 'ಹಸಿರು' ಎಂದು ಬರೆದುಕೊಳ್ಳುತ್ತದೆ. ಲೈಡಾರ್ ಇದ್ದರೆ ಅದರ ಕಿರಣ ಎಲೆಗಳ ಸಂದಿಯಲ್ಲಿ ನುಸುಳಿ ನೆಲ ಮುಟ್ಟೀತು, ಒಪ್ಪೋಣ. ಆದರೆ ಬೇಸಿಗೆಯಲ್ಲಿ ಯಾವ ಒರತೆ ಬತ್ತುತ್ತದೆ, ಮಳೆಗಾಲದಲ್ಲಿ ಯಾವ ದರೆ ಬಾಯಿಬಿಡುತ್ತದೆ ಎಂಬುದನ್ನು ಒಂದು ದಿನದ ಹಾರಾಟ ಹೇಳದು. 2019ರ ಆಗಸ್ಟ್‌ನಲ್ಲಿ ಮೂಡಿಗೆರೆ, ಕಳಸದ ಕಡೆ ಗುಡ್ಡಗಳು ಜರಿದು ತೋಟಗಳು ಕೊಚ್ಚಿಹೋದದ್ದನ್ನು ಕಂಡವರಿಗೆ ಇದು ಸಣ್ಣ ಮಾತಲ್ಲ.

ಔಷಧಿಯ ಮಾತೂ ಅಷ್ಟೇ. ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಗೊನೆಗೆ ತಾಗಬೇಕು. ಗೊನೆ ಇರುವುದು ಸೋಗೆಯ ಕೆಳಗೆ. ಮೇಲಿನಿಂದ ಸುರಿದದ್ದು ಮೊದಲು ಸೋಗೆಯನ್ನೇ ನೆನೆಸುತ್ತದೆ. ಎಲೆಚುಕ್ಕಿ ಬಂದ ಸೋಗೆಗೆ ಹೊಡೆಯುವುದಾದರೆ ಡ್ರೋನ್‌ಗೆ ಕೆಲಸವಿದೆ, ಮರ ಹತ್ತುವವರ ಜೀವಭಯವೂ ತಪ್ಪೀತು. ಯಾವುದಕ್ಕೆ ಯಾವುದು ಎಂಬ ವಿವೇಕ ಮಾತ್ರ ಯಂತ್ರದೊಂದಿಗೆ ಬರುವುದಿಲ್ಲ.

2023ರ ನವೆಂಬರ್‌ನಲ್ಲಿ ಕೇಂದ್ರ ಸರ್ಕಾರ 'ನಮೋ ಡ್ರೋನ್ ದೀದಿ' ಯೋಜನೆಗೆ ಒಪ್ಪಿಗೆ ಕೊಟ್ಟಿತು. 15,000 ಮಹಿಳಾ ಸ್ವಸಹಾಯ ಸಂಘಗಳಿಗೆ ಡ್ರೋನ್; ಬೆಲೆಯ ಶೇ. 80ರಷ್ಟು, ಹೆಚ್ಚೆಂದರೆ 8 ಲಕ್ಷ ರೂಪಾಯಿ, ಸರ್ಕಾರದ ನೆರವು. ಸಂತೋಷ. ಆದರೆ ಹೆಣ್ಣಿನ ಕೈಗೆ ರಿಮೋಟ್ ಕೊಟ್ಟು, ನಕ್ಷೆಯನ್ನು ಮಾತ್ರ ಗಂಡಸರ ಮೇಜಿನ ಮೇಲೆ ಹಾಸಿದರೆ ಏನು ಬಂತು? ತೋಟದಲ್ಲಿ ಬಗ್ಗಿ ಕಳೆ ತೆಗೆಯುವವರು, ಹಣ್ಣು ಕೊಯ್ಯುವವರು ಹೆಚ್ಚಾಗಿ ಹೆಂಗಸರು. ಯಾವ ಮೂಲೆಯಲ್ಲಿ ನೀರು ನಿಲ್ಲುತ್ತದೆಂದು ಅವರ ಕಾಲಿಗೆ ಗೊತ್ತು, ಕಡತಕ್ಕೆ ಗೊತ್ತಿಲ್ಲ. ಅವರನ್ನು ಕೇಳದೆ ತೋಟದ, ಗುಡ್ಡದ ಹಣೆಬರಹ ಬರೆಯುವುದು ಯಾವ ನ್ಯಾಯ?

ಡ್ರೋನ್ ಹಾರಲಿ, ಬೇಡವೆನ್ನುವುದಿಲ್ಲ. ಇಳಿದ ಮೇಲೆ ಅದು ತಂದ ಚಿತ್ರವನ್ನು ಗ್ರಾಮಸಭೆಯಲ್ಲಿ ಹರಡಲಿ. ಆ ಹೆಂಗಸರು ಬೆರಳಿಟ್ಟು ಒರತೆ ತೋರಿಸಲಿ, ದರೆ ತೋರಿಸಲಿ. ಅವರು ಸರಿಯೆನ್ನುವ ತನಕ ಅದು ಬರೀ ಚಿತ್ರ, ನಕ್ಷೆ ಎನ್ನಬೇಡಿ.